ಕಾರ್ಪೆಟ್ ತಟ್ಟಿದರೆ ಇನ್ನೂ ಕೆಂಪು ಧೂಳು ಏಳುತ್ತದೆ, ಏನು ಮಾಡಲಿ?

ಪ್ರಶ್ನೆ: ಅಣ್ಣಾ, ನಮಸ್ಕಾರ. ನಮ್ಮ ಮನೆ ಬಳ್ಳಾರಿಯಲ್ಲಿ, ಹೊಸಪೇಟೆ ರಸ್ತೆಗೆ ಹತ್ತಿರ. ಗೃಹಪ್ರವೇಶಕ್ಕೆ ನನ್ನ ತಮ್ಮ ಕೊಟ್ಟ 5 ಅಡಿ ಅಗಲ, 7 ಅಡಿ ಉದ್ದದ ಕಾರ್ಪೆಟ್ ಹಾಲ್‌ನಲ್ಲಿ ಹಾಸಿದೆ. ಧೂಳು ಜಾಸ್ತಿ ಅಂತ ಹೋದ ವರ್ಷ 1400 ವ್ಯಾಟ್‌ನ ವ್ಯಾಕ್ಯೂಮ್ ಕ್ಲೀನರ್ ತೆಗೆದುಕೊಂಡೆವು. ವಾರಕ್ಕೊಮ್ಮೆ ಹೊಡೆಯುತ್ತೇನೆ. ಮೂರು ನಿಮಿಷದಲ್ಲಿ ಮುಗಿಯುತ್ತದೆ. ನೋಡಲು ಚೊಕ್ಕಟವಾಗಿಯೇ ಕಾಣುತ್ತದೆ. ಆದರೆ ಕೈಯಿಂದ ತಟ್ಟಿದರೆ ಕೆಂಪು ಧೂಳು ಏಳುತ್ತದೆ. ಮಗನಿಗೆ ಸೀನು ನಿಲ್ಲುವುದಿಲ್ಲ. ಮಷಿನ್ ಕೆಟ್ಟಿದೆಯಾ? ಶಾಂಪೂ ಹಾಕಿ ತೊಳೆಸಿಬಿಡಲಾ?

ಉತ್ತರ:

ಅಕ್ಕಾ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಈಗಲೇ ತೊಳೆಸಬೇಡಿ. ಒಳಗೆ ಅಷ್ಟು ಧೂಳು ಇಟ್ಟುಕೊಂಡ ಕಾರ್ಪೆಟ್‌ಗೆ ನೀರು ಹಾಕಿದರೆ ಅದು ಕೆಸರಾಗುತ್ತದೆ. ಕೆಸರು ಎಳೆಯ ಬುಡಕ್ಕೆ ಇಳಿದು ಅಲ್ಲೇ ಒಣಗುತ್ತದೆ. ಆಮೇಲೆ ಯಾವ ಮಷಿನ್‌ಗೂ ಅದು ಬಗ್ಗುವುದಿಲ್ಲ. ಕಾರ್ಪೆಟ್ ತೊಳೆಯುವ ಈ ಕೆಲಸಕ್ಕೆ ಇಳಿದ ಮೊದಲ ವರ್ಷ ನಾನೇ ಹೀಗೆ ಒಂದು ಮನೆಯ ಕೆನೆ ಬಣ್ಣದ ಕಾರ್ಪೆಟ್ ಹಾಳು ಮಾಡಿದ್ದೇನೆ. ಧೂಳು ಪೂರ್ತಿ ತೆಗೆಯದೆ ಅವಸರದಲ್ಲಿ ನೊರೆ ಹಾಕಿ ಉಜ್ಜಿದೆ. ಮಾರನೇ ದಿನ ಒಣಗಿದಾಗ ಅಂಚಿನ ಸುತ್ತ ಇಟ್ಟಿಗೆ ಬಣ್ಣದ ಗೆರೆ ಮೂಡಿತ್ತು. ಆ ಮನೆಯ ಅಜ್ಜಿ ಬೈಯಲಿಲ್ಲ. ಸುಮ್ನೆ ಕಾರ್ಪೆಟ್ ನೋಡುತ್ತಾ ನಿಂತರು. ಅದು ನನಗೆ ಇವತ್ತಿಗೂ ಮರೆತಿಲ್ಲ.

ಇನ್ನು ಮಷಿನ್ ಕೆಟ್ಟಿರುವ ಸಾಧ್ಯತೆ ಕಡಿಮೆ. ನಿಮ್ಮ ಪತ್ರದಲ್ಲೇ ಕಾರಣ ಇದೆ: ಮೂರು ನಿಮಿಷ.

ನಮ್ಮ ಕಡೆಯ ಧೂಳು ಬೇರೆ ಊರಿನ ಧೂಳಿನ ಹಾಗಲ್ಲ. ಸಂಡೂರಿನ ಗುಡ್ಡಗಳಲ್ಲಿ ಸಿಗುವ ಕಬ್ಬಿಣದ ಅದಿರು ಬಹುಪಾಲು ಹೆಮಟೈಟ್ ಅನ್ನುವ ಜಾತಿಯದು. ಕಲ್ಲಾಗಿದ್ದಾಗ ಅದು ಕಪ್ಪಗೋ ಬೂದಾಗೋ ಕಂಡರೂ ಪುಡಿಯಾದರೆ ಕೆಂಪು. ಅದಿರು ಲಾರಿ ಓಡಾಡುವ ರಸ್ತೆಯ ಪಕ್ಕದ ಮನೆಗಳಲ್ಲಿ ಕಿಟಕಿಯ ಸರಳಿನ ಮೇಲೆ ಬೆರಳಾಡಿಸಿದರೆ ಕುಂಕುಮದ ಹಾಗೆ ಅಂಟುವುದು ಅದೇ. ಹೊಲದ ಕೆಂಪು ಮಣ್ಣೂ ಅದರ ಜೊತೆ ಸೇರಿರುತ್ತದೆ. ಹೆಮಟೈಟ್ ಮಾಮೂಲಿ ಮರಳಿಗಿಂತ ಹೆಚ್ಚುಕಡಿಮೆ ಎರಡರಷ್ಟು ಭಾರ. ಒಂದು ಚಮಚ ನೀರಿನ ತೂಕಕ್ಕೆ ಹೋಲಿಸಿದರೆ ಅಷ್ಟೇ ಗಾತ್ರದ ಮರಳು ಸುಮಾರು 2.6 ಪಟ್ಟು ತೂಗುತ್ತದೆ, ಹೆಮಟೈಟ್ 5 ಪಟ್ಟಿಗೂ ಮೇಲೆ. ಹಾಗಾಗಿ ಕಾರ್ಪೆಟ್ ಮೇಲೆ ಬಿದ್ದ ಈ ಪುಡಿ ಮೇಲೆ ಕೂರುವುದಿಲ್ಲ. ನೀವು ನಡೆದಾಡಿದ ಹಾಗೆಲ್ಲ ಎಳೆಗಳ ನಡುವೆ ಜಾರಿ ಬುಡ ಸೇರುತ್ತದೆ. ಮೇಲಿಂದ ನೋಡಿದರೆ ಚೊಕ್ಕಟ, ಕೆಳಗೆ ಗಣಿ.

ಬುಡದಲ್ಲಿ ಕೂತ ಗಟ್ಟಿ ಕಣ ಸುಮ್ಮನಿರುವುದಿಲ್ಲ. ಪ್ರತಿ ಹೆಜ್ಜೆಗೂ ಅದು ಎಳೆಯ ಬುಡಕ್ಕೆ ಅರದ ಹಾಗೆ ಉಜ್ಜುತ್ತದೆ. ಓಡಾಡುವ ಜಾಗದಲ್ಲಿ ಮಾತ್ರ ಕಾರ್ಪೆಟ್ ಬೇಗ ತೆಳ್ಳಗಾಗುವುದನ್ನು ನೋಡಿರುತ್ತೀರಿ. ಬರೀ ಕಾಲು ತುಳಿದು ಅಷ್ಟು ಸವೆಯುವುದಿಲ್ಲ, ಕಾಲಿನ ಕೆಳಗೆ ಈ ಪುಡಿ ಇರುವುದರಿಂದ ಸವೆಯುತ್ತದೆ.

ಈಗ ನಿಮ್ಮ ಮಷಿನ್ ತಂದು ಪಕ್ಕದಲ್ಲಿಟ್ಟುಕೊಳ್ಳಿ. ನೆಲಕ್ಕೆ ಹಚ್ಚುವ ಅಗಲ ಮೂತಿಯ ಮೇಲೆ ಕಾಲಲ್ಲಿ ಒತ್ತುವ ಒಂದು ಗುಂಡಿ ಇರುತ್ತದೆ. ಒತ್ತಿದರೆ ಬ್ರಷ್‌ನ ಕೂದಲು ಹೊರಗೆ ಬರುತ್ತದೆ, ಇನ್ನೊಮ್ಮೆ ಒತ್ತಿದರೆ ಒಳಗೆ ಹೋಗುತ್ತದೆ. ಕೂದಲು ಹೊರಗಿರಬೇಕಾದದ್ದು ಟೈಲ್ಸ್, ಕಡಪಾ ಕಲ್ಲಿನ ನೆಲಕ್ಕೆ. ಕಾರ್ಪೆಟ್‌ಗೆ ಅದು ಒಳಗೆ ಹೋಗಿರಬೇಕು. ಆಗಲೇ ಮೂತಿ ಎಳೆಗೆ ತಾಗಿ ಕೂತು ಬುಡದಿಂದ ಗಾಳಿ ಎಳೆಯುತ್ತದೆ. ನಾನು ಹೋದ ಮನೆಗಳಲ್ಲಿ ಜಾಸ್ತಿ ಜನ ಇದನ್ನು ಒಂದೇ ಕಡೆ ಬಿಟ್ಟಿರುತ್ತಾರೆ. ಟೈಲ್ಸ್ ಒರೆಸಿದ ಹಾಗೇ ಕಾರ್ಪೆಟ್‌ನ ಮೇಲ್ಮೈ ಸವರಿಕೊಂಡು ಬರುತ್ತಾರೆ. ನೀವೂ ಒಮ್ಮೆ ನೋಡಿ, ಅರ್ಧ ರೋಗ ಅಲ್ಲೇ ಇರಬಹುದು.

ಮೂತಿ ಕಾರ್ಪೆಟ್‌ಗೆ ಬಿಗಿಯಾಗಿ ಕಚ್ಚಿಕೊಂಡು ದೂಡಲು ಬಾರದಿದ್ದರೆ ಅದು ಒಳ್ಳೆ ಲಕ್ಷಣ ಅಂದುಕೊಳ್ಳಬೇಡಿ. ಧೂಳನ್ನು ಹೊತ್ತೊಯ್ಯುವುದು ಹರಿಯುವ ಗಾಳಿ. ಮೂತಿ ಪೂರ್ತಿ ಮುಚ್ಚಿಕೊಂಡರೆ ಗಾಳಿ ಹರಿಯುವುದೇ ಇಲ್ಲ. ಹಿಡಿಕೆಯ ಹತ್ತಿರ ಪೈಪಿನ ಮೇಲೆ ಜಾರಿಸುವ ಒಂದು ಸಣ್ಣ ಕಿಂಡಿ ಇರುತ್ತದೆ. ಅದನ್ನು ಸ್ವಲ್ಪ ತೆರೆಯಿರಿ. ಮೂತಿ ಹಗುರಾಗಿ ಜಾರಬೇಕು, ಆದರೆ ಎಳೆಯಿಂದ ಬಿಡಬಾರದು.

ಇನ್ನು ಕೈಯ ವೇಗ. ಇಡೀ ಉತ್ತರದಲ್ಲಿ ಇದೊಂದನ್ನು ಪಾಲಿಸಿದರೂ ನನಗೆ ಸಮಾಧಾನ. ಕಸ ಗುಡಿಸಿ ರೂಢಿಯಾದ ಕೈ ಬೀಸುತ್ತದೆ, ಸರಸರ ಹಿಂದೆ ಮುಂದೆ ಓಡುತ್ತದೆ. ಕಸಬರಿಗೆಗೆ ಅದು ಸರಿ. ಆದರೆ ಬುಡದ ಭಾರದ ಕಣ ಮೇಲೆದ್ದು ಗಾಳಿಗೆ ಸಿಕ್ಕಲು ಹೊತ್ತು ಬೇಕು. ಅದು ಏಳುವಷ್ಟರಲ್ಲಿ ಮೂತಿ ಮುಂದೆ ಹೋಗಿದ್ದರೆ ಮತ್ತೆ ಅಲ್ಲೇ ಕೂರುತ್ತದೆ. ಒಂದು ಗಜ ದೂರ ದೂಡುವಾಗ ಮನಸ್ಸಿನಲ್ಲಿ ನಾಲ್ಕು ಎಣಿಸಿ. ಹಿಂದಕ್ಕೆ ಎಳೆಯುವಾಗಲೂ ನಾಲ್ಕು. ಎಳೆಯುವಾಗಲೇ ಜಾಸ್ತಿ ಧೂಳು ಬರುತ್ತದೆ, ಅದಕ್ಕೆ ಹಿಂದಕ್ಕೆ ಬರುವಾಗ ಅವಸರ ಬೇಡವೇ ಬೇಡ. ಒಂದು ಪಟ್ಟಿಯಲ್ಲಿ ಎರಡು ಸಲ ಹೋಗಿ ಬನ್ನಿ. ಮುಂದಿನ ಪಟ್ಟಿಗೆ ಸರಿಯುವಾಗ ಮೂತಿಯ ಅರ್ಧ ಅಗಲ ಹಳೇ ಪಟ್ಟಿಯ ಮೇಲೇ ಇರಲಿ. ಉದ್ದಕ್ಕೆ ಮುಗಿದ ಮೇಲೆ ಅಡ್ಡಕ್ಕೂ ಅದೇ ರೀತಿ ಮಾಡಿ. ಎಳೆಗಳು ಒಂದು ಕಡೆ ವಾಲಿರುತ್ತವೆ. ಒಂದೇ ದಿಕ್ಕಿನಲ್ಲಿ ಹೊಡೆದರೆ ಅವುಗಳ ಬೆನ್ನ ಹಿಂದಿನ ಧೂಳು ಹಾಗೇ ಉಳಿಯುತ್ತದೆ. ಹೀಗೆ ಮಾಡಿದರೆ ನಿಮ್ಮ 5-7 ಅಡಿಯ ಕಾರ್ಪೆಟ್‌ಗೆ ಹದಿನೈದು ನಿಮಿಷ ಹಿಡಿಯುತ್ತದೆ. ಬೇಕಾದರೆ ಗಡಿಯಾರ ಇಟ್ಟುಕೊಂಡು ಲೆಕ್ಕ ನೋಡಿ.

ಅದಕ್ಕೂ ಮೊದಲು ಫ್ಯಾನ್ ನಿಲ್ಲಿಸಿ. ಸೆಕೆ ಅಂತ ಫ್ಯಾನ್ ಹಾಕಿಕೊಂಡು ಕಾರ್ಪೆಟ್ ಹೊಡೆದರೆ ರೆಕ್ಕೆಯ ಮೇಲಿನ ಧೂಳು ಮತ್ತೆ ಕೆಳಗೆ ಉದುರುತ್ತದೆ. ಫ್ಯಾನ್ ರೆಕ್ಕೆ, ಪರದೆ, ಸೋಫಾ ಮೊದಲು ಮುಗಿಸಿ, ಕಾರ್ಪೆಟ್ ಕೊನೆಗೆ. ಹೊಸಪೇಟೆ ರಸ್ತೆಯ ಕಡೆಗಿರುವ ಕಿಟಕಿ ಮುಚ್ಚಿಯೇ ಇರಲಿ, ಹಿತ್ತಲ ಕಡೆಯದು ತೆರೆದಿರಲಿ. ಬೆಳಗ್ಗೆ ಲಾರಿ ಓಡಾಟ ಶುರುವಾಗುವ ಮೊದಲೇ ಮಾಡಿದರೆ ಇನ್ನೂ ಒಳ್ಳೆಯದು.

ಈಗ ನಮ್ಮ ಹಿರಿಯರಿಗೆ ಗೊತ್ತಿದ್ದ, ನಾವು ಮಷಿನ್ ಬಂದ ಮೇಲೆ ಬಿಟ್ಟ ಒಂದು ಕೆಲಸ ಹೇಳುತ್ತೇನೆ. ದಸರೆಗೋ ಯುಗಾದಿಗೋ ಮನೆ ಸ್ವಚ್ಛ ಮಾಡುವಾಗ ಜಮಖಾನೆಯನ್ನು ಹಗ್ಗದ ಮೇಲೆ ಮಗುಚಿ ಹಾಕಿ ಹಿಂಬದಿಯಿಂದ ಬಡಿಯುತ್ತಿದ್ದರಲ್ಲ, ಅದರಲ್ಲಿ ದೊಡ್ಡ ಬುದ್ಧಿ ಇತ್ತು. ಬುಡದಲ್ಲಿ ಕೂತ ಧೂಳಿಗೆ ಮೇಲಿನ ದಾರಿ ದೂರ, ಹಿಂದಿನಿಂದ ತಟ್ಟಿದರೆ ಕೆಳಗೆ ಉದುರುವುದು ಸುಲಭ. ತಿಂಗಳಿಗೊಮ್ಮೆ ಹೀಗೆ ಮಾಡಿ. ಒಂದು ಹಳೇ ಹೊದಿಕೆ ನೆಲಕ್ಕೆ ಹಾಸಿ. ಅದರ ಮೇಲೆ ಕಾರ್ಪೆಟ್ ಬೋರಲು ಹಾಕಿ. ಹಿಂಬದಿಯ ಮೇಲೆ ನಿಧಾನಕ್ಕೆ ಮಷಿನ್ ಹೊಡೆಯಿರಿ, ನಡುನಡುವೆ ಅಂಗೈಯಿಂದ ತಟ್ಟಿ. ಆಮೇಲೆ ಇಬ್ಬರು ಹಿಡಿದು ನೇರವಾಗಿ ಮೇಲಕ್ಕೆ ಎತ್ತಿ. ಹೊದಿಕೆ ನೋಡಿ. ಅಲ್ಲಿ ಬಿದ್ದ ರಾಶಿ ನೋಡಿದರೆ ಇಷ್ಟು ದಿನ ಮಷಿನ್ ಏನು ಬಿಟ್ಟಿತ್ತು ಅಂತ ಗೊತ್ತಾಗುತ್ತದೆ. ಅದನ್ನು ಹೀರಿ ತೆಗೆದು, ಕಾರ್ಪೆಟ್ ಅಂಗಾತ ಹಾಕಿ, ಮೇಲಿನಿಂದ ಇನ್ನೊಂದು ಸಲ ಹೊಡೆಯಿರಿ. ನಿಮ್ಮ ಕಾರ್ಪೆಟ್‌ಗೆ ಮೊದಲ ಸಲ ಇದನ್ನು ಎರಡು ಮೂರು ಬಾರಿ ಮಾಡಬೇಕಾಗುತ್ತದೆ.

ಆದರೆ ಕೋಲು ತೆಗೆದುಕೊಂಡು ಬಡಿಯುವ ಮೊದಲು ಹಿಂಬದಿ ಏನಿದೆ ನೋಡಿ. ನವಲಗುಂದದ ಜಮಖಾನೆ ಹಾಗೆ ಪೂರ್ತಿ ನೇಯ್ದದ್ದಾದರೆ ಬಡಿತ ತಡೆಯುತ್ತದೆ. ಉಡುಗೊರೆಯಾಗಿ ಬರುವ ದಪ್ಪ ಎಳೆಯ ಕಾರ್ಪೆಟ್‌ಗಳಲ್ಲಿ ಬಹಳಷ್ಟು ನೇಯ್ದವಲ್ಲ. ಎಳೆಗಳನ್ನು ಬಟ್ಟೆಗೆ ಚುಚ್ಚಿ, ಹಿಂದಿನಿಂದ ಲ್ಯಾಟೆಕ್ಸ್ ಅಂಟು ಬಳಿದು, ಅದರ ಮೇಲೆ ಇನ್ನೊಂದು ಬಟ್ಟೆ ಅಂಟಿಸಿರುತ್ತಾರೆ. ಹಿಂಬದಿಯಲ್ಲಿ ಹೂವಿನ ವಿನ್ಯಾಸ ಕಾಣದೆ ಬರೀ ಬಟ್ಟೆ ಕಂಡರೆ ಅದು ಈ ಜಾತಿ. ಇದನ್ನು ಬಡಿದರೆ ಅಂಟು ಒಡೆಯುತ್ತದೆ. ನಮ್ಮ ಬಿಸಿಲಿಗೆ ಆ ಅಂಟು ಬೇಗ ಒಣಗುತ್ತದೆ ಕೂಡ. ಒಂದು ಮೂಲೆ ಮೆಲ್ಲಗೆ ಮಡಿಸಿ ಕಿವಿ ಹತ್ತಿರ ಹಿಡಿಯಿರಿ. ಚರಚರ ಸದ್ದು ಬಂದರೆ ಅಂಟು ಒಣಗಿದೆ. ಅಂಥದ್ದಕ್ಕೆ ಅಂಗೈಯೇ ಸಾಕು, ಕೋಲು ಬೇಡ.

ಹೊದಿಕೆಯ ಮೇಲೆ ಬಿದ್ದ ಪುಡಿಯ ಬಣ್ಣವನ್ನೂ ಗಮನಿಸಿ. ಕೆಂಪಾದರೆ ಅದಿರು, ಮಣ್ಣು. ಬಿಳಿ ಅಥವಾ ತಿಳಿ ಹಳದಿ ಪುಡಿ ಪ್ರತಿ ಸಲವೂ ಬರುತ್ತಲೇ ಇದ್ದರೆ ಅದು ಹೊರಗಿನ ಧೂಳಲ್ಲ. ಕಾರ್ಪೆಟ್‌ನ ಅಂಟೇ ಪುಡಿಯಾಗಿ ಉದುರುತ್ತಿದೆ. ಆಗ ಎಷ್ಟು ಹೊಡೆದರೂ ಮುಗಿಯುವುದಿಲ್ಲ. ಅಂಥ ಕಾರ್ಪೆಟ್‌ನ ಆಯುಸ್ಸು ಮುಗಿದಿದೆ ಅಂತಲೇ ಅರ್ಥ, ಅದಕ್ಕೆ ದುಡ್ಡು ಸುರಿಯಬೇಡಿ.

ಇನ್ನೊಂದು ಪರೀಕ್ಷೆ ಇದೆ. ಒಂದು ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ಆ ಪುಡಿಯ ಮೇಲೆ ಆಡಿಸಿ. ಹೆಮಟೈಟ್ ಅದಕ್ಕೆ ಅಂಟುವುದಿಲ್ಲ ಅಂತಲೇ ಹೇಳಬಹುದು. ಕರಿ ಚೂರುಗಳು ಮೀಸೆ ಹಾಗೆ ನಿಂತುಕೊಂಡರೆ ಅದರಲ್ಲಿ ಕಬ್ಬಿಣದ ಚೂರೂ ಇರಬಹುದು. ಕಬ್ಬಿಣದ ಕಾರ್ಖಾನೆಗಳ ಸುತ್ತಲಿನ ಮನೆಗಳಲ್ಲಿ, ತೋರಣಗಲ್ಲು ಕಡೆಯಾಗಲಿ, ಕೊಪ್ಪಳದ ಗಿಣಿಗೇರಾ ಕಡೆಯಾಗಲಿ, ಇದನ್ನು ನೋಡಿಕೊಳ್ಳುವುದು ಒಳ್ಳೆಯದು. ಒಣಗಿದ್ದಾಗ ಆ ಚೂರಿನಿಂದ ತೊಂದರೆ ಇಲ್ಲ. ಶಾಂಪೂ ನೀರು ಬಿದ್ದರೆ ತುಕ್ಕು ಹಿಡಿದು ಕಿತ್ತಳೆ ಕಲೆ ಬಿಡುತ್ತದೆ. ಆ ಕಲೆಗೆ ಬ್ಲೀಚ್ ಹಾಕಿದರೆ ಇನ್ನೂ ಗಟ್ಟಿಯಾಗಿ ಕೂರುತ್ತದೆ. ತೊಳೆಸಬೇಡಿ ಅಂತ ಮೊದಲೇ ಹೇಳಿದ್ದಕ್ಕೆ ಇದೂ ಒಂದು ಕಾರಣ.

ಕಲ್ಲಿದ್ದಲಿನ ವಿದ್ಯುತ್ ಕೇಂದ್ರ ಇರುವ ರಾಯಚೂರಿನ ಶಕ್ತಿನಗರ, ನಮ್ಮ ಕುಡತಿನಿ ಕಡೆಯವರು ಓದುತ್ತಿದ್ದರೆ ಅವರಿಗೂ ಒಂದು ಮಾತು. ಕಲ್ಲಿದ್ದಲಿನ ಹಾರುಬೂದಿ ಕೆಂಪು ಧೂಳಿಗೆ ತದ್ವಿರುದ್ಧ. ಅದು ಹಗುರ, ಬಹಳ ನುಣ್ಣಗೆ, ಬಹುಪಾಲು ಕಣ ಗಾಜಿನ ಸಣ್ಣ ಗುಂಡು. ಸಾದಾ ಬಟ್ಟೆಯ ಚೀಲದಿಂದ ಅದು ನುಸುಳಿ ಮಷಿನ್‌ನ ಹಿಂದಿನಿಂದ ಮತ್ತೆ ಮನೆಗೇ ಬರುತ್ತದೆ. ಅಂಥ ಕಡೆ ಹೆಪಾ ಫಿಲ್ಟರ್ ಇರುವ ಮಷಿನ್ ಕೊಂಡರೆ ದುಡ್ಡು ದಂಡವಾಗುವುದಿಲ್ಲ. ಅಸಲಿ ಹೆಪಾ 0.3 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ಗಾತ್ರದ ಕಣಗಳಲ್ಲೂ 99.97 ಶೇಕಡಾ ಹಿಡಿಯುತ್ತದೆ. ಡಬ್ಬದ ಮೇಲೆ "ಹೆಪಾ ತರಹದ್ದು" ಅಂತ ಬರೆದಿದ್ದರೆ ಅದು ಹೆಪಾ ಅಲ್ಲ. ಮಗನಿಗೆ ಸೀನು ಅಂದಿದ್ದೀರಲ್ಲ, ನಿಮಗೂ ನಾನು ಇದನ್ನೇ ಹೇಳುತ್ತೇನೆ. ಮುಂದೆ ಮಷಿನ್ ಬದಲಿಸುವಾಗ ವ್ಯಾಟ್ ನೋಡಬೇಡಿ. ವ್ಯಾಟ್ ಅಂದರೆ ಮಷಿನ್ ಎಷ್ಟು ಕರೆಂಟ್ ತಿನ್ನುತ್ತದೆ ಅಂತ ಮಾತ್ರ, ಎಷ್ಟು ಹೀರುತ್ತದೆ ಅಂತಲ್ಲ.

ಕರೆಂಟ್ ಮಾತು ಬಂತು. 1400 ವ್ಯಾಟ್ ಅಂದರೆ 230 ವೋಲ್ಟ್‌ನಲ್ಲಿ 6 ಆಂಪ್ಸ್‌ಗೂ ಸ್ವಲ್ಪ ಮೇಲೆ. ಟಿವಿ ಪಕ್ಕದ ಸಣ್ಣ ಸಾಕೆಟ್, ತೆಳ್ಳನೆ ವೈರಿನ ಎಕ್ಸ್‌ಟೆನ್ಷನ್ ಬಾಕ್ಸ್ ಎರಡೂ ಬೇಡ. ಫ್ರಿಜ್, ಗೀಸರ್‌ಗೆ ಇರುವ 16 ಆಂಪ್ಸ್ ಸಾಕೆಟ್‌ಗೆ ಹಾಕಿ. ಏಪ್ರಿಲ್-ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಆಗ ಮಧ್ಯಾಹ್ನ ಓಡಿಸಿದರೆ ಮೋಟಾರ್ ಬೇಗ ಕಾಯುತ್ತದೆ. ತಾನಾಗಿ ನಿಂತರೆ ಗಾಬರಿಯಾಗಬೇಡಿ. ಪ್ಲಗ್ ತೆಗೆದು, ಡಬ್ಬಿ ಖಾಲಿ ಮಾಡಿ, ಫಿಲ್ಟರ್ ನೋಡಿ, ಪೂರ್ತಿ ತಣ್ಣಗಾಗಲು ಬಿಡಿ.

ಫಿಲ್ಟರ್ ಬಗ್ಗೆ ನಾನು ಸ್ವಲ್ಪ ಕಟ್ಟುನಿಟ್ಟು. ಚೀಲ ಇರಲಿ, ಡಬ್ಬಿ ಇರಲಿ, ಅರ್ಧ ತುಂಬುತ್ತಲೇ ಖಾಲಿ ಮಾಡಿ. ಕೆಂಪು ಪುಡಿ ನುಣ್ಣಗಿರುವುದರಿಂದ ಫಿಲ್ಟರ್‌ನ ರಂಧ್ರ ಬೇಗ ಕಟ್ಟಿಕೊಳ್ಳುತ್ತದೆ. ಡಬ್ಬಿ ತುಂಬದಿದ್ದರೂ ಹೀರುವ ಶಕ್ತಿ ಇಳಿದಿರುತ್ತದೆ. ಖಾಲಿ ಮಾಡುವುದು ಅಂಗಳದಲ್ಲಿ, ಗಾಳಿ ನಿಮ್ಮ ಬೆನ್ನಿಗೆ ಬೀಸುವ ಹಾಗೆ ನಿಂತು, ಹಳೇ ಪೇಪರ್ ಒದ್ದೆ ಮಾಡಿ ಅದರೊಳಗೆ. ಮಗ ಹತ್ತಿರ ಇರಬಾರದು. ತೊಳೆಯುವಂಥ ಫಿಲ್ಟರ್ ಆದರೆ ತೊಳೆದು ನೆರಳಿನಲ್ಲಿ ಒಂದು ಹಗಲು ಒಂದು ರಾತ್ರಿ ಪೂರ್ತಿ ಒಣಗಿಸಿ. ಮೇಲೆ ಒಣಗಿದೆ ಅನ್ನಿಸಿದರೂ ಒಳಗೆ ಹಸಿ ಇರುತ್ತದೆ. ಹಸಿ ಫಿಲ್ಟರ್ ಹಾಕಿದರೆ ಧೂಳು ಅದರ ಮೇಲೆ ಗಾರೆಯ ಹಾಗೆ ಮೆತ್ತಿಕೊಳ್ಳುತ್ತದೆ, ವಾಸನೆ ಬೇರೆ.

ಕೆಲವನ್ನು ಮಷಿನ್‌ನಿಂದ ಹೀರಲೇಬೇಡಿ. ಊದಿನಕಡ್ಡಿಯ ಬೂದಿಯಲ್ಲಿ ಒಂದು ಕಿಡಿ ಉಳಿದಿದ್ದರೂ ಚೀಲದ ಧೂಳಿಗೆ ಬೆಂಕಿ ಹಿಡಿಯಬಹುದು. ರಂಗೋಲಿ ಪುಡಿ, ವಿಭೂತಿ ಫಿಲ್ಟರ್‌ಗೆ ಶತ್ರು, ಅವನ್ನು ಗಟ್ಟಿ ಕಾಗದದ ಅಂಚಿನಿಂದ ಮೊದಲು ಎತ್ತಿಬಿಡಿ. ಅರಿಶಿನ ಚೆಲ್ಲಿದರೆ ಉಜ್ಜಬೇಡಿ, ಸೋಪು ನೀರಂತೂ ಹಚ್ಚಲೇಬೇಡಿ. ಸೋಪು ತಾಗಿದರೆ ಅರಿಶಿನ ಕೆಂಪಾಗುತ್ತದೆ. ಒಣಗಿದ್ದಾಗಲೇ ಕಾಗದದಿಂದ ಎತ್ತಿ, ಉಳಿದದ್ದಕ್ಕೆ ಸಣ್ಣ ಮೂತಿಯನ್ನು ತಾಗದ ಹಾಗೆ ಹಿಡಿದು ಹೀರಿ. ಅಡುಗೆ ಸೋಡಾ ಉದುರಿಸಿ ಹೊಡೆದರೆ ವಾಸನೆ ಹೋಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಒಮ್ಮೊಮ್ಮೆ, ಒಂದು ಚಿಟಿಕೆ ಸರಿ. ಪ್ರತಿ ವಾರ ಹಿಡಿಗಟ್ಟಲೆ ಹಾಕಿದರೆ ಅದೂ ಬುಡದಲ್ಲಿ ಕೂರುವ ಇನ್ನೊಂದು ಧೂಳು, ಅಷ್ಟೇ.

ಮಳೆಗಾಲದಲ್ಲಿ ಎರೆ ಮಣ್ಣು ಮೆತ್ತಿದ ಕಾಲು ಒಳಗೆ ಬರುತ್ತದೆ. ಸಿರುಗುಪ್ಪ, ಸಿಂಧನೂರು ಕಡೆಯವರಿಗೆ ಇದು ಗೊತ್ತೇ ಇದೆ. ಹಸಿ ಎರೆ ಮಣ್ಣು ಮೇಣದ ಹಾಗೆ, ಒರೆಸಿದಷ್ಟೂ ಹರಡುತ್ತದೆ. ಮುಟ್ಟದೆ ಬಿಡಿ. ಒಣಗಿ ಬಿರುಕು ಬಿಟ್ಟ ಮೇಲೆ ಬೆರಳಿನಿಂದ ಪುಡಿ ಮಾಡಿ ಹೀರಿಬಿಡಿ. ಎಷ್ಟೋ ಸಲ ಕಲೆಯೇ ಉಳಿಯುವುದಿಲ್ಲ.

ನಮ್ಮಲ್ಲಿ ಚಪ್ಪಲಿ ಹೊರಗೇ ಬಿಡುತ್ತೇವೆ, ಅದರಿಂದ ಅರ್ಧ ಧೂಳು ತಡೆಯುತ್ತದೆ. ಆದರೆ ಬರಿಗಾಲಿನ ಜಿಡ್ಡು, ಕಾರ್ಪೆಟ್ ಮೇಲೆ ಒರಗಿ ಟಿವಿ ನೋಡುವ ತಲೆಯ ಕೊಬ್ಬರಿ ಎಣ್ಣೆ ಎಳೆಗೆ ಮೆತ್ತುತ್ತದೆ. ಆ ಜಿಡ್ಡಿಗೆ ಅಂಟಿದ ಧೂಳು ಮಷಿನ್‌ಗೆ ಬರುವುದಿಲ್ಲ. ಒರಗುವ ಜಾಗಕ್ಕೆ ಒಂದು ತೆಳು ಹೊದಿಕೆ ಹಾಕಿ. ಬಾಗಿಲಲ್ಲಿ ಒಂದರ ಬದಲು ಎರಡು ಕಾಲೊರಸು ಇಡಿ: ಹೊರಗೆ ಒರಟು ತೆಂಗಿನ ನಾರಿನದು, ಒಳಗೆ ಮೆತ್ತನೆ ಹತ್ತಿಯದು. ನಾರಿನದನ್ನು ವಾರಕ್ಕೆರಡು ಸಲ ಕೊಡವಿ. ತುಂಬಿದ ಕಾಲೊರಸು ಧೂಳು ಹಿಡಿಯುವುದಿಲ್ಲ, ಕಾಲಿಗೇ ವಾಪಸ್ ಕೊಡುತ್ತದೆ.

ಮಗನ ಸೀನಿನ ಬಗ್ಗೆ ನನಗೆ ತಿಳಿದಷ್ಟು ಹೇಳುತ್ತೇನೆ. ಧೂಳಿನಲ್ಲಿ ಬದುಕುವ ಕಣ್ಣಿಗೆ ಕಾಣದ ಹುಳ, ಅಂದರೆ ಡಸ್ಟ್ ಮೈಟ್, ಗಾಳಿಯಲ್ಲಿ ತೇವ ಇದ್ದರೆ ಮಾತ್ರ ಹೆಚ್ಚುತ್ತದೆ. ತೇವ 50 ಶೇಕಡಾಗಿಂತ ಕೆಳಗಿದ್ದರೆ ಒಣಗಿ ಸಾಯುತ್ತದೆ. ನಮ್ಮ ಬೇಸಿಗೆಯಲ್ಲಿ ಅದರ ಕಾಟ ಕಡಿಮೆ, ಮಳೆಗಾಲದಿಂದ ಜಾಸ್ತಿ. ಆದರೆ ಸತ್ತ ಹುಳದ ಪುಡಿ, ಅದರ ಹಿಕ್ಕೆ ಕಾರ್ಪೆಟ್‌ನಲ್ಲೇ ಉಳಿದು ಸೀನು ತರಿಸುತ್ತದೆ. ಬೇಸಿಗೆ ಶುರುವಾದ ಮೇಲೆ ಒಂದು ಸಲ ಬೋರಲು ಹಾಕಿ ಪೂರ್ತಿ ತೆಗೆದರೆ ಅದೂ ಬಹಳಷ್ಟು ಹೋಗುತ್ತದೆ. ಮಷಿನ್ ಹೊಡೆಯುವಾಗ ಮತ್ತು ಆಮೇಲೆ ಒಂದು ಗಂಟೆ ಅವನು ಆ ಕೋಣೆಗೆ ಬರಬಾರದು. ರಾತ್ರಿ ಕೆಮ್ಮು, ಎದೆಯಲ್ಲಿ ಸುಂಯ್ ಅನ್ನುವ ಸದ್ದು ಇದ್ದರೆ ಕಾರ್ಪೆಟ್ ಕೆಲಸದವನ ಮಾತು ಸಾಕಾಗುವುದಿಲ್ಲ, ಮಕ್ಕಳ ಡಾಕ್ಟರಿಗೆ ತೋರಿಸಿ.

ಡಾಕ್ಟರು ಧೂಳೇ ಕಾರಣ ಅಂದರೆ, ರಸ್ತೆ ಪಕ್ಕದ ಮನೆಗೆ ದಪ್ಪ ಎಳೆಯ ಕಾರ್ಪೆಟ್ ಬೇಡ ಅಂತಲೇ ನಾನು ಹೇಳುವುದು. ತಮ್ಮ ಕೊಟ್ಟದ್ದು ಅಂತ ಮನಸ್ಸಿಗೆ ಕಷ್ಟವಾಗುತ್ತದೆ, ನನಗೆ ಅರ್ಥವಾಗುತ್ತದೆ. ಅದನ್ನು ಚೆನ್ನಾಗಿ ಒಣಗಿಸಿ, ಧೂಳು ತೆಗೆದು, ಮಡಿಸದೆ ಸುರುಳಿ ಸುತ್ತಿ, ಹತ್ತಿ ಬಟ್ಟೆಯಲ್ಲಿ ಕಟ್ಟಿ ಒಳಕೋಣೆಯಲ್ಲಿಡಿ. ಹಬ್ಬಕ್ಕೆ, ನೆಂಟರು ಬಂದಾಗ ಹಾಸಿ. ದಿನಬಳಕೆಗೆ ಬಕೆಟ್‌ನಲ್ಲಿ ಅದ್ದಿ ತೊಳೆಯಬಹುದಾದ ಹತ್ತಿ ಜಮಖಾನೆ ಸಾಕು.

ಇಲ್ಲ, ಹಾಸಿಯೇ ಇರಲಿ ಅಂದರೆ ವಾರಕ್ಕೆ ಎರಡು ಸಲ ಹದಿನೈದು ನಿಮಿಷ, ಬಾಗಿಲಿನಿಂದ ಸೋಫಾದವರೆಗಿನ ದಾರಿಗೆ ದಿನಕ್ಕೊಮ್ಮೆ ಎರಡು ನಿಮಿಷ. ಸೋಫಾದ ಕೆಳಗಿನ ಕತ್ತಲ ಜಾಗ ಮರೆಯಬೇಡಿ. ಉಣ್ಣೆಯ ಕಾರ್ಪೆಟ್ ಆದರೆ ಅಲ್ಲೇ ಹುಳ ತಿನ್ನಲು ಶುರು ಮಾಡುವುದು. ಅಂಚಿನ ಜಾಲರಿಯ ಮೇಲೆ ಮೂತಿ ಹಾಯಿಸಬೇಡಿ, ದಾರ ಸಿಕ್ಕಿ ಕಿತ್ತು ಬರುತ್ತದೆ. ಅದಕ್ಕೆ ಕೈಬ್ರಷ್.

ಒಂದು ತಿಂಗಳು ಹೀಗೆ ಮಾಡಿ ಆಮೇಲೆ ಕಾರ್ಪೆಟ್‌ನ ನಡುವೆ ಒಂದು ಬಿಳಿ ಕರ್ಚೀಫ್ ಹಾಸಿ, ಪಕ್ಕದಲ್ಲಿ ಅಂಗೈಯಿಂದ ಹತ್ತು ಸಲ ಜೋರಾಗಿ ತಟ್ಟಿ. ಕರ್ಚೀಫ್ ಮೇಲೆ ಕೆಂಪು ಕಾಣದಿದ್ದರೆ ಆಗ ತೊಳೆಸುವ ಮಾತು ಆಡೋಣ. ಕಂಡರೆ ಇನ್ನೊಂದು ಸಲ ಬೋರಲು ಹಾಕಿ.